ಹಸಿರು ಬಟ್ಟೆಯ ಕಡಲು

ಕುದ್ರೋಳಿ, ಮಂಗಳೂರು
ಆದಿತ್ಯವಾರ, 14 ಸೆಪ್ಟೆಂಬರ್ 2025

ಪ್ರೀತಿಯ ಮಗಳು ನಿರೀಕ್ಷಾಳಿಗೆ,

ಅಪ್ಪನ ಆಶೀರ್ವಾದ. ಗಂಟಲು ಹೇಗಿದೆ? ಊಟ ಮಾಡುತ್ತೀಯಾ, ಇಲ್ಲ ಚಹಾದಲ್ಲೇ ದಿನ ದೂಡುತ್ತೀಯಾ? ನಿನ್ನೆ ಕದ್ರಿಗೆ ಬಂದಿದ್ದೆ. ನಿನ್ನ ಪಿ.ಜಿ.ಯ ಬೆನಿಟಾ ಬಾಯಿ ನನ್ನನ್ನು ಗೇಟಿನಲ್ಲೇ ನಿಲ್ಲಿಸಿ, "ಅವಳು ಬಾಗಿಲೇ ತೆಗೆಯುದಿಲ್ಲ ಮಾರಾಯ್ರೆ, ಗಂಜಿ ಕೊಟ್ರೆ ಅರ್ಧ ಬಿಡ್ತಾಳೆ" ಎಂದರು. ಕೆಲಸಕ್ಕೂ ಹೋಗುತ್ತಿಲ್ಲವಂತೆ. ಆರು ದಿನದಿಂದ ನನ್ನ ಫೋನನ್ನೂ ಎತ್ತಿಲ್ಲ. ಅದಕ್ಕೇ ಈ ಕಾಗದ. ಮೂರು ಕಿಲೋಮೀಟರ್ ದೂರದಲ್ಲಿರುವ ಮಗಳಿಗೆ ಕಾಗದ ಬರೆಯುವ ಅವಸ್ಥೆ ಬಂತಲ್ಲ ಎಂದು ನಿನ್ನ ಅಮ್ಮ ನಗುತ್ತಲೂ ಇದ್ದಾಳೆ, ಅಳುತ್ತಲೂ ಇದ್ದಾಳೆ. ಮನೆಯಲ್ಲಿ ಮಾತಾಡುವುದು ತುಳುವಾದರೂ ಬರೆಯಲು ಕೂತರೆ ನನ್ನ ಕೈಗೆ ಬರುವುದು ಕನ್ನಡವೇ. ತಪ್ಪಿದ್ದರೆ ನಗಬೇಡ. ಅಮ್ಮನ ಮೊಣಗಂಟು ನೋವು ಎಂದಿನಂತೆ ಉಂಟು, ಎಣ್ಣೆ ಹಚ್ಚುವುದಕ್ಕೆ ಎಂದಿನಂತೆ ಉದಾಸೀನವೂ ಉಂಟು. ಅವಳಿಗೆ ಸದ್ಯ ನಿನ್ನ ಮೇಲಿಗಿಂತ ನನ್ನ ಮೇಲೆಯೇ ಸಿಟ್ಟು ಹೆಚ್ಚು.

ಮೊದಲು ನಿಮ್ಮ ಆ ವಾರ್ತಾ ಚಾನೆಲಿನ ಸ್ಟುಡಿಯೋಕ್ಕೆ ಬೈದು ಮುಗಿಸುತ್ತೇನೆ. ಇಲ್ಲದಿದ್ದರೆ ಬೇರೆ ಮಾತು ಹೊರಡುವುದಿಲ್ಲ. ಹೊಸ ಸ್ಟುಡಿಯೋದ ಉದ್ಘಾಟನೆಗೆ ನೀನೇ ಕರೆದಿದ್ದಿ, ಇಸ್ತ್ರಿ ಹಾಕಿದ ಅಂಗಿ ಹಾಕಿ ಬಂದಿದ್ದೆ. ಟಿವಿಯಲ್ಲಿ ನಿನ್ನ ಹಿಂದೆ ದೊಡ್ಡ ಗಾಜಿನ ಕಿಟಕಿ, ಅದರಾಚೆ ಕಡಲು, ದೀಪ ಮಿನುಗುವ ನಲವತ್ತು ಮಾಳಿಗೆಯ ಕಟ್ಟಡಗಳು. ಅಷ್ಟು ಕಟ್ಟಡ ಮಂಗಳೂರಿನ ಯಾವ ಮೂಲೆಯಲ್ಲುಂಟು ಎಂದು ನನಗೆ ಮೊದಲೇ ಸಂಶಯವಿತ್ತು. ಬಂದು ನೋಡಿದರೆ ಕಿಟಕಿಯೂ ಇಲ್ಲ, ಕಡಲೂ ಇಲ್ಲ, ಟೈಲ್ಸ್ ಅಂಗಡಿಯ ಮೇಲಿನ ಒಂದು ಹಾಲಿನಲ್ಲಿ ಗೋಡೆಗೆ ಹೊಡೆದ ಹಸಿರು ಬಟ್ಟೆ! ಅದನ್ನಾದರೂ ನೆಟ್ಟಗೆ ಎಳೆದು ಕಟ್ಟಿದ್ದಾರಾ? ಎಡಗಡೆ ಮೂಲೆಯಲ್ಲಿ ಒಂದು ಗೇಣು ಸುಕ್ಕು. ಮೂವತ್ತು ವರ್ಷ ಶಾಮಿಯಾನ, ಲೈಟು, ಮೈಕ್ ಬಾಡಿಗೆಗೆ ಕೊಟ್ಟು ಬದುಕಿದ ನನಗೆ ಕೈ ತುರಿಸಿತು. ನಿಮ್ಮ ಕ್ಯಾಮೆರಾದ ಜೇಸನ್, ಪಾಪದವ, ಬಹಳ ಖುಷಿಯಲ್ಲಿ ವಿವರಿಸಿದ. "ಅಂಕಲ್, ಈ ಬಟ್ಟೆ ಮೇಲೆ ಎಂತ ಬೇಕಾದ್ರೂ ತರ್ಲಿಕ್ಕೆ ಆಗ್ತದೆ. ಬೆಂಕಿ ಬೇಕಾ, ಬೆಂಕಿ. ನೆರೆ ಬೇಕಾ, ನೆರೆ." ಇದು ಸರಿಯಲ್ಲ ಎಂದು ನನಗೆ ಆವತ್ತೇ ಅನಿಸಿತ್ತು. ಆದರೂ ನೀನು ಅಷ್ಟು ಚಂದ ಕಾಣುತ್ತಿದ್ದಿ, ಚಪ್ಪಾಳೆ ತಟ್ಟಿ ಬಂದೆ.

ಆ ಮೇಜನ್ನೇ ನೋಡು. ಅಡಿಯಿಂದ ಕೆಂಪು, ನೀಲಿ ಲೈಟು ಬಿಟ್ಟ ಗಾಜಿನ ಮೇಜು. ಜ್ಯೂಸ್ ಅಂಗಡಿಯವರು ಹಣ್ಣು ಜೋಡಿಸಲಿಕ್ಕೆ ಇಟ್ಟುಕೊಳ್ಳುವಂಥದ್ದು. ಅದರ ಮೇಲೊಂದು ಲ್ಯಾಪ್‌ಟಾಪ್. ಯಾರೂ ನೋಡದಾಗ ನಾನು ಒಂದು ಬಟನ್ ಒತ್ತಿದೆ, ಅದಕ್ಕೆ ಜೀವವೇ ಇರಲಿಲ್ಲ. ವಾರ್ತೆ ಮುಗಿದಾಗ ನೀವೆಲ್ಲ ಗಂಭೀರವಾಗಿ ಕುಟ್ಟಿ ಜೋಡಿಸುವ ಕಾಗದಗಳಿದ್ದಾವಲ್ಲ, ಅವು ಎರಡು ಬದಿಯೂ ಖಾಲಿ! ಇನ್ನು ಟಿವಿಯಲ್ಲಿ ನೋಡಲಿಕ್ಕೆ ಕೂತರೆ ಕೆಳಗೆ ಎರಡು ಸಾಲು ಓಡುತ್ತದೆ, ಮೇಲೆ ಒಂದು ಸಾಲು, ಬಲಗಡೆ ಚಿನ್ನದ ದರ, ಎಡಗಡೆ ಹವಾಮಾನ, ನಡುವೆ ಸೀರೆ ಅಂಗಡಿಯ ಜಾಹೀರಾತು ಬಂದು ಓದುವವಳನ್ನು ಮೂಲೆಗೆ ಒತ್ತುತ್ತದೆ. ಕರೆಂಟು ಹೋದ ಸುದ್ದಿಗೆ ಮೂರು ದಿನ "ಬ್ರೇಕಿಂಗ್" ಎಂಬ ಕೆಂಪು ಪಟ್ಟಿ. ಪ್ರತಿ ವಾಕ್ಯಕ್ಕೂ ಒಂದು "ಧಡಂ". ಅಷ್ಟು ಬೇಸ್ ಕೊಟ್ಟು ನಾನು ಯಾವುದಾದರೂ ಮದುವೆಯಲ್ಲಿ ಮೈಕ್ ಹಾಕಿದ್ದರೆ ಹುಡುಗಿಯ ಕಡೆಯವರು ನನ್ನನ್ನು ಅಲ್ಲೇ ವಿಚಾರಿಸಿಕೊಳ್ಳುತ್ತಿದ್ದರು. ಪಂಪ್‌ವೆಲ್ ಸರ್ಕಲ್‌ನಲ್ಲಿ ಮಳೆನೀರು ನಿಂತ ದಿನ ನಿಮ್ಮವರು ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ ಹೋಗಲಿಲ್ಲ. ಸ್ಟುಡಿಯೋದಲ್ಲೇ ಒಂದು ಫ್ಲೈಓವರ್ ಎಬ್ಬಿಸಿ, ಅದರಡಿಯಲ್ಲಿ ಸ್ವಿಮ್ಮಿಂಗ್ ಪೂಲಿನ ಹಾಗಿನ ನೀಲಿ ನೀರು ತುಂಬಿಸಿದರು. ನಾನು ಆಗ ಅಲ್ಲಿಯೇ ನಿಂತಿದ್ದೆ ಮಗಾ, ಬಂದ್ ಬಿದ್ದ ಸ್ಕೂಟರು ಹಿಡಿದುಕೊಂಡು. ನೀರು ಚಹಾದ ಬಣ್ಣದ್ದಿತ್ತು, ಅದರಲ್ಲಿ ಯಾರದ್ದೋ ಒಂದು ಚಪ್ಪಲಿ ತೇಲುತ್ತಿತ್ತು. ಅದನ್ನು ತೋರಿಸಲಿಕ್ಕೆ ಒಂದು ಕ್ಯಾಮೆರಾ ಸಾಕಿತ್ತು.

ನಿನಗೆ ಏಳು ವರ್ಷವಿದ್ದಾಗ ಒಂದು ಕಾರ್ಯಕ್ರಮದಲ್ಲಿ ಪುಟ್ಟ ಹುಡುಗಿಯೊಬ್ಬಳು ತಪ್ಪಿಸಿಕೊಂಡಳು. ನಿನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮೈಕ್ ಕೊಟ್ಟೆ. "ಹಳದಿ ಲಂಗದ ಹುಡುಗಿ ಇಲ್ಲಿ ನಮ್ಮ ಹತ್ತಿರ ಇದ್ದಾಳೆ, ಅಳುವುದಿಲ್ಲ, ಅವಳ ಅಮ್ಮ ನಿಧಾನವಾಗಿ ಬನ್ನಿ" ಎಂದು ನೀನು ಹೇಳಿದ್ದಿ. ನಿಧಾನವಾಗಿ ಬನ್ನಿ! ಅದನ್ನು ನಾನು ಹೇಳಿಕೊಟ್ಟದ್ದಲ್ಲ. ಆ ತಾಯಿ ಎಡವಿ ಬೀಳಬಾರದೆಂದು ನಿನಗೇ ತೋಚಿದ್ದು. ಆವತ್ತಿನಿಂದ ನನಗೆ ನಿನ್ನ ಮೇಲೆ ಭಾರೀ ಅಹಂಕಾರ. ಮೈಕ್ ಹಿಡಿದವರು ಬೊಬ್ಬೆ ಹೊಡೆಯಬಾರದು, ಬೊಬ್ಬೆಯೇ ಹೊಡೆಯುವುದಾದರೆ ಮೈಕ್ ಎಂತಕ್ಕೆ ಎಂದು ನಾನು ಎಷ್ಟು ಸಲ ಹೇಳಿದ್ದೇನೆ. ನೀನು ಎರಡು ವರ್ಷ ಬೆಳಗ್ಗೆ ಐದರ ವಾರ್ತೆಯನ್ನು ಹಾಗೆಯೇ ಓದಿದ್ದಿ. ಅದಕ್ಕಾಗಿ ಕದ್ರಿಯಲ್ಲಿ ರೂಮು ಮಾಡಿದ್ದಿ. ನಾನು ಅಲಾರಂ ಇಟ್ಟು ಎದ್ದು ನೋಡುತ್ತಿದ್ದೆ.

ಈಗ ಸೋಮವಾರದ ಸಂಗತಿ. ಎರಡು ಮನೆ ಆಚೆಯ ಬದ್ರುದ್ದೀನ್ ಇಂಜಿನ್ ಡ್ರೈವರ್ ಆಗಿ ಹೋಗಿದ್ದ ಬೋಟಿನ ವೈರ್‌ಲೆಸ್ ಆದಿತ್ಯವಾರ ಬೆಳಗ್ಗಿನಿಂದ ಮಾತಾಡುತ್ತಿರಲಿಲ್ಲ. ಗಾಳಿ ಬೇರೆ ಇತ್ತು. ರಮ್ಲಾ ಎರಡು ದಿನ ಗಂಡನ ಸುದ್ದಿ ಕೇಳಿಕೊಂಡು ಮೀನು ಬೋಟುಗಳು ನಿಲ್ಲುವ ಧಕ್ಕೆಗೆ ಹೋಗಿ ಬಂದು ಮಾಡಿ ಅರ್ಧ ಆಗಿದ್ದಳು. ಸಂಜೆ ಏಳರ ವಾರ್ತೆಯನ್ನು ಮೊದಲ ಸಲ ನೀನು ಓದುತ್ತಿ, ಅದರಲ್ಲಿ ಬೋಟಿನ ವಿಷಯ ಉಂಟು ಎಂದು ಗೊತ್ತಾದದ್ದೇ ನಾನು ಅವಳ ಮನೆಗೆ ಓಡಿದೆ. "ನಮ್ಮ ನಿರೀಕ್ಷಾ ಹೇಳ್ತಾಳೆ ಮಾರಾಯ್ತಿ, ಇನ್ನು ಕೋಸ್ಟ್‌ಗಾರ್ಡ್‌ನವರು ಸುಮ್ಮನೆ ಕೂರ್ಲಿಕ್ಕಿಲ್ಲ" ಎಂದು ಹೇಳಿ ಕರೆದುಕೊಂಡು ಬಂದೆ. ಟಿವಿಯ ಎದುರಿನ ಕುರ್ಚಿಯನ್ನೇ ಕೊಟ್ಟೆ. ಅಮ್ಮ ಚಹಾ ಮಾಡಿದಳು. ನನ್ನ ಮಂಡೆಯಲ್ಲಿ ಇದ್ದದ್ದು ಬದ್ರುದ್ದೀನ್ ಎಷ್ಟೋ, ನೀನೂ ಅಷ್ಟೇ. ಏಳು ಗಂಟೆಗೆ ನನ್ನ ಮಗಳು ಎಂಬುದೇ ನನಗೆ ದೊಡ್ಡದಾಗಿತ್ತು. ಅದನ್ನು ಒಪ್ಪಿಕೊಳ್ಳುತ್ತೇನೆ.

ನೀನು ಬಂದಿ. ಮೈಮೇಲೆ ರೇನ್‌ಕೋಟು. ಹಿಂದೆ ತೆಂಗಿನ ಮರದೆತ್ತರದ ಅಲೆ. ನೀರು ನಿನ್ನ ಪಾದಕ್ಕೆ ಬಂತು, ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ನೀನು ಅದರೊಳಗೆ ನಡೆಯುತ್ತಾ ಕೈ ತೋರಿಸಿದಿ. ಅಲ್ಲಿ ಆಟದ ಸಾಮಾನಿನ ಹಾಗಿನ ಒಂದು ಕೆಂಪು ಬೋಟು, ಮೂತಿ ಮೇಲೆ ಮಾಡಿ ಮುಳುಗಿತು. ಪಕ್ಕದಲ್ಲಿ ಕಪ್ಪು ಅಂಚಿನೊಳಗೆ ಬದ್ರುದ್ದೀನನ ನಗುಮುಖ. ಅವನ ಮಗಳ ಮದುವೆಯಲ್ಲಿ ನಿನ್ನೊಟ್ಟಿಗೆ ತೆಗೆಸಿದ ಫೋಟೋ ಅದು. ನಿನ್ನನ್ನು ಕತ್ತರಿಸಿದ್ದರು, ಸೆರಗಿನ ತುದಿ ಮಾತ್ರ ಉಳಿದಿತ್ತು. ಆ ಫೋಟೋ ಎಲ್ಲಿಂದ ಬಂತು ಎಂಬುದು ಈಗ ಬೇಡ. "ಕಡಲಿನ ಒಡಲು ಸೇರಿತೇ ಬೋಟು?" ಎಂದು ನೀನು ಕೇಳಿದಿ, "ಧಡಂ" ಎಂದಿತು. ಕೊನೆಗೊಂದು ಪ್ರಶ್ನೆ ಸಿಕ್ಕಿಸಿಬಿಟ್ಟರೆ ಸುಳ್ಳು ಹೇಳಿದ ಹಾಗೆ ಆಗುವುದಿಲ್ಲ ಎಂದು ನಿಮಗೆ ಕಲಿಸಿದವ ಯಾವನು ಮಗಾ?

ರಮ್ಲಾ ಬೊಬ್ಬೆ ಹೊಡೆಯಲಿಲ್ಲ. ನನ್ನ ಕಡೆ ತಿರುಗಿ, "ನಿರೀಕ್ಷಾ ಅಲ್ಲಿಗೇ ಹೋಗಿದ್ದಾಳಾ ಯೋಗೀಶಣ್ಣ? ಅವಳು ಬೋಟು ನೋಡಿದ್ಳಾ?" ಎಂದು ಕೇಳಿದಳು. ನೀನು ಅವಳ ಮಡಿಲಲ್ಲಿ ಬೆಳೆದವಳು. ನೀನು ಸೊಂಟದವರೆಗೆ ನೀರಿನಲ್ಲಿ ನಿಂತು ತೋರಿಸುವಾಗ ಅವಳು ನಂಬದೆ ಮತ್ತೆ ಯಾರನ್ನು ನಂಬಬೇಕು? ನಾನು ಎದ್ದು ನಿಂತು, "ಅದು ಬಟ್ಟೆ ಮಾರಾಯ್ತಿ, ಹಸಿರು ಬಟ್ಟೆ, ನೀರೂ ಇಲ್ಲ ಎಂತದೂ ಇಲ್ಲ, ನಾನು ಕಣ್ಣಾರೆ ನೋಡಿದ್ದೇನೆ" ಎಂದು ಹುಚ್ಚನ ಹಾಗೆ ಕಿರುಚಿದೆ. ಅವಳು ನನ್ನನ್ನೇ ನೋಡಿ ಮೆಲ್ಲಗೆ ಹೇಳಿದಳು: "ಹಾಗಾದ್ರೆ ನಿಮ್ಮ ಮಗಳು ಸುಳ್ಳು ಹೇಳ್ತಾಳಾ?" ಹೌದು ಎಂದು ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಹೌದು ಎಂದಿದ್ದರೆ ಅವಳು ಆವತ್ತು ಬೀಳುತ್ತಿರಲಿಲ್ಲವೋ ಏನೋ. ಕುರ್ಚಿಯಿಂದ ಹಾಗೆಯೇ ಜಾರಿದಳು. ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಅವಳ ಮನೆ ತುಂಬ ಜನ ಸೇರಿ ಅಳು ಶುರುವಾಯಿತು.

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಸುದ್ದಿ ಬಂತು. ಇಂಜಿನ್ ಕೆಟ್ಟು, ಬ್ಯಾಟರಿ ಹೋಗಿ, ಮಲ್ಪೆ ಕಡೆ ಒಂದು ದ್ವೀಪದ ಮರೆಯಲ್ಲಿ ಲಂಗರು ಹಾಕಿದ್ದರಂತೆ. ಬೇರೊಂದು ಬೋಟಿನವರು ಹಗ್ಗ ಕಟ್ಟಿ ಎಳೆದು ತಂದರು. ಸಂಜೆಗೆ ಬದ್ರುದ್ದೀನ್ ಆಸ್ಪತ್ರೆಯ ಬಾಗಿಲಿನಲ್ಲಿ ನಿಂತಾಗ ರಮ್ಲಾ ಅವನನ್ನು ಮುಟ್ಟಲೇ ಹೆದರಿದಳು. ಈಗ ಮನೆಗೆ ಬಂದಿದ್ದಾಳೆ. ಆದರೆ ನಮ್ಮ ಮನೆಯ ಕಡೆ ನೋಡುವುದಿಲ್ಲ. ಅಮ್ಮ ಗಂಜಿ ತೆಗೆದುಕೊಂಡು ಹೋದರೆ, "ವಾರಿಜಕ್ಕ, ನಿಮ್ಮ ಮಗಳನ್ನು ಮಾತ್ರ ಈ ಹೊಸ್ತಿಲಿಗೆ ಕಳಿಸ್ಬೇಡಿ" ಎಂದಳಂತೆ.

ನಿಮ್ಮ ಚಾನೆಲ್‌ನವರು ಎಂತ ಮಾಡಿದರು? ತಪ್ಪಾಯಿತು ಎಂದು ಒಂದು ಸಾಲು ಓಡಿಸಿದರಾ? ಓಡುವ ಮೂರು ಸಾಲಿನಲ್ಲಿ ಅದಕ್ಕೊಂದು ಜಾಗ ಇರಲಿಲ್ಲವಾ? "ನಮ್ಮ ವರದಿಯ ಫಲಶ್ರುತಿ, ಬೋಟು ಪತ್ತೆ!" ಎಂದು ಪಟಾಕಿ ಸಿಡಿಯುವ ಚಿತ್ರ ಹಾಕಿದರು. ಥೂ! ನಾಚಿಕೆ ಎಂಬುದನ್ನು ಯಾವ ಟೈಲ್ಸ್ ಅಂಗಡಿಯಲ್ಲಿ ಅಡವಿಟ್ಟಿದ್ದಾರೋ. ಅದನ್ನು ಓದಿದ್ದು ಬೇರೆ ಹುಡುಗಿ, ನೀನಲ್ಲ. ಅದನ್ನು ನೋಡಿ ನನಗೆ ಸ್ವಲ್ಪ ಉಸಿರು ಬಂತು. ಬೆನಿಟಾ ಬಾಯಿ ಇನ್ನೊಂದು ವಿಷಯವನ್ನೂ ಹೇಳಿದರು. ಮುಳುಗುವ ಬೋಟಿನ ವಿಡಿಯೋವನ್ನು ನಾಲ್ಕು ಲಕ್ಷ ಜನ ನೋಡಿದ್ದಾರೆಂದು ನಾಳೆಯಿಂದ ನಿನಗೆ ಎಂಟು ಗಂಟೆಯ ದೊಡ್ಡ ಕಾರ್ಯಕ್ರಮವನ್ನೇ ಕೊಡುತ್ತಾರಂತೆ, ದಿನಾ ಫೋನ್ ಮಾಡುತ್ತಿದ್ದಾರಂತೆ. ಹೋಗಬೇಕೋ ಬೇಡವೋ ನೀನೇ ನೋಡು, ನಿನಗೆ ಇಪ್ಪತ್ತಾರು ವರ್ಷವಾಯಿತು. ಆದರೆ ನಾಳೆ ಆ ಗಾಜಿನ ಮೇಜಿನ ಹಿಂದೆ ಕೂರುವ ಮೊದಲು ಇವತ್ತು ರಮ್ಲಾಳ ಎದುರು ಒಮ್ಮೆ ಕೂರು. ಅವಳು ಬಾಗಿಲು ಹಾಕಿದರೆ ಹೊರಗೆ ಕೂರು. ಎಷ್ಟು ದಿನ ಹೀಗೆ ಗೋಡೆ ನೋಡಿಕೊಂಡು ಮಲಗುತ್ತಿ? ನಿನಗೆ ಮನಸ್ಸು ಕೊರೆಯುತ್ತಿದೆ ಎಂದರೆ ನೀನು ಇನ್ನೂ ನಮ್ಮವಳೇ, ಅಷ್ಟು ನನಗೆ ಸಾಕು.

ಅಮ್ಮ ನಿನಗೆ ಒಣಮೀನಿನ ಚಟ್ನಿ ಕಳಿಸಿದ್ದಾಳೆ, ಬೆನಿಟಾ ಬಾಯಿಯ ಫ್ರಿಜ್ಜಿನಲ್ಲಿ ಇಡು. ದೇವರು ನಿನ್ನ ಗಂಟಲನ್ನೂ ಮನಸ್ಸನ್ನೂ ನೆಟ್ಟಗಿಡಲಿ.

ನಿನ್ನ ಅಪ್ಪ,
ಯೋಗೀಶ್

ಮರೆತ ಮಾತು: ಇದಿಷ್ಟನ್ನು ಮಾತ್ರ ಬೆನಿಟಾ ಬಾಯಿಯ ಗೇಟಿನ ಹೊರಗೆ, ಸ್ಕೂಟರಿನ ಸೀಟಿನ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟವಾದರೆ ಹಾಗೇ ಓದಿಕೋ. ಮರೆತದ್ದಲ್ಲ, ಬರೆಯಲಿಕ್ಕೆ ಧೈರ್ಯ ಬಾರದ್ದು. ಫೋಟೋ ಕಳಿಸಿದ್ದು ನಾನು ಎಂದು ನಿನಗೆ ಗೊತ್ತು, ನನಗೆ ಗೊತ್ತು, ಅಮ್ಮನಿಗೆ ಗೊತ್ತು. ನೀನು ಕೇಳಿದ ಎರಡೇ ನಿಮಿಷದಲ್ಲಿ, ಅವರ ಮನೆಯವರನ್ನು ಒಂದು ಮಾತೂ ಕೇಳದೆ, ಟಿವಿಯಲ್ಲಿ ಬರುತ್ತದಲ್ಲ ಎಂದು ಕಳಿಸಿಬಿಟ್ಟೆ. ಬುಧವಾರ ಬದ್ರುದ್ದೀನ್ ಬಂದು, "ಆ ಫೋಟೋ ಅವರಿಗೆ ಎಲ್ಲಿಂದ ಸಿಕ್ತು ಯೋಗೀಶಣ್ಣ?" ಎಂದು ಕೇಳಿದ. "ನಿರೀಕ್ಷಾ ಎಲ್ಲಿಂದಲೋ ತೆಗೆದಿರ್ಬೇಕು" ಎಂದೆ. ನನ್ನ ಬಾಯಿಂದಲೇ ಬಂತು ಮಗಾ. ಗಂಡ ಹೆಂಡತಿ ಇಬ್ಬರೂ ನಂಬಿದರು, ನಾನು ಹೇಳಿದ್ದಕ್ಕೇ ನಂಬಿದರು. ಇವತ್ತು ನಾಲ್ಕು ಗಂಟೆಗೆ ಅವರ ಮನೆಗೆ ಹೋಗಿ ಇದನ್ನು ಹೇಳುತ್ತೇನೆ. ಮೂರೂವರೆಯ ತನಕ ಇಲ್ಲೇ ಇರುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬಾರದಿದ್ದರೂ ಹೇಳುತ್ತೇನೆ. ಆದರೆ ಒಬ್ಬನೇ ಹೋಗಲಿಕ್ಕೆ ನನಗೆ ಹೆದರಿಕೆ ಆಗುತ್ತದೆ.