ಚಿರತೆಯ ಪುಟ

ಕ್ಯಾತನಹಳ್ಳಿ
೯-೨-೨೦೨೫

ಕುಮಟಾದಲ್ಲಿ ಕೂತು ಕಾಡುಪ್ರಾಣಿಗಳನ್ನೆಲ್ಲ ಅರೆದು ಕುಡಿದಿರುವ ಯಜಮಾನರಿಗೆ, ಅರ್ಪಿತಳ ನಮಸ್ಕಾರ.

ಫೋನಿನಲ್ಲಿ ನಾನು ಒಂದು ಮಾತಾಡಿದರೆ ನೀವು ಹತ್ತಾಡುತ್ತೀರಿ. ಅದಕ್ಕೇ ಕಾಗದ. ಇದನ್ನಾದರೂ ನಡುವೆ ಬಾಯಿ ಹಾಕದೆ ಓದಿ.

ನನ್ನ ಅಕ್ಷರ ದುಂಡಗಿದೆಯೆಂದು ಶುದ್ಧಪ್ರತಿಗೆ ಕಳಿಸಿದ್ದಿರಲ್ಲ, ನಿಮ್ಮ 'ಉತ್ತರ ಕರಾವಳಿಯ ಕಾಡುಪ್ರಾಣಿಗಳು', ಅದನ್ನು ಬರೆದು ಮುಗಿಸಿ ಇದರ ಜೊತೆಗೇ ಕಳಿಸಿದ್ದೇನೆ. ಅಳಿವೆಯ ನೀರುನಾಯಿಗೆ ಆರು ಪುಟ, ಚಿಪ್ಪುಹಂದಿಗೆ ನಾಲ್ಕು, ನಿಮ್ಮ ಪರಿಚಯಕ್ಕೆ ಎಂಟು. ಅರಣ್ಯ ಇಲಾಖೆಯ ವಾಚರ್ ಎನ್ನಲು ನಾಚಿಕೆಯಾಗಿ 'ವನ್ಯಜೀವಿ ತಜ್ಞ' ಎಂದು ಹಾಕಿಕೊಂಡಿದ್ದೀರಿ. ಬರೆಯುವಾಗ ನನ್ನ ಕೈಗೇ ನಾಚಿಕೆಯಾಯಿತು.

ಹೋದ ಸೋಮವಾರ ನಮ್ಮ ಕಬ್ಬಿನ ಕಟಾವಿನಲ್ಲಿ, ಕಡಿಯದೆ ಉಳಿದಿದ್ದ ಕೊನೆಯ ಪಟ್ಟಿಯೊಳಗೆ ಮೂರು ಮರಿ ಸಿಕ್ಕವು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕಬ್ಬು ಕಡಿಯುವ ಸಣ್ಣಯ್ಯ ಮಚ್ಚು ಕೆಳಗಿಟ್ಟು, 'ಇವು ಬೆಕ್ಕಿನ ಮರಿಯಲ್ಲ ಕಣವ್ವ, ಪಾದ ನೋಡು ಎಂಗವೆ. ಮುಟ್ಬ್ಯಾಡ, ಇವುಗಳವ್ವ ಇಲ್ಲೇ ಎಲ್ಲೋ ಅದೆ' ಎಂದ. ನಿಮಗೆ ಫೋಟೊ ಕಳಿಸಿದೆ. ಯಾವುದೋ ಶಾಲೆಗೆ ಭಾಷಣಕ್ಕೆ ಹೊರಟಿದ್ದ ನೀವು, 'ಕಾಡುಬೆಕ್ಕು ಕಣೇ, ನಂಗೇಳ್ಕೊಡ್ಬ್ಯಾಡ. ಮನೇಗ್ ತಕ್ಕೊಂಡೋಗಿ ಹಾಲಾಕು' ಎಂದು ಫೋನಿಟ್ಟಿರಿ. ನಮ್ಮ ಯಜಮಾನರು ಇಲಾಖೆಯವರು, ನಿನಗಿಂತ ಅವರಿಗೆ ಗೊತ್ತು ಎಂದು ಸಣ್ಣಯ್ಯನಿಗೆ ಹೇಳಿದೆ. ಅವನು ನಕ್ಕ. ನಿಮಗೆ ಸೇರಬೇಕಾದ ನಗು ನನ್ನ ಪಾಲಿಗೆ ಬಂತು.

ಮರಿಗಳನ್ನು ಮನೆಗೆ ತಂದು ಎರಡು ದಿನ ಕೊಟ್ಟಿಗೆಯಲ್ಲಿ ಕುಕ್ಕೆಯೊಳಗಿಟ್ಟೆ. ಕತ್ತಲಾಗುತ್ತಿದ್ದಂತೆ ಗದ್ದೆಯ ಕಡೆಯಿಂದ ತಾಯಿ ಗರಗಸ ಎಳೆದ ಹಾಗೆ ಕೂಗುತ್ತಿತ್ತು. ಹಸುಗಳು ಹುಲ್ಲು ಮುಟ್ಟಲಿಲ್ಲ, ಅತ್ತೆ ಬಾಗಿಲು ತೆಗೆಯಗೊಡಲಿಲ್ಲ. ಬುಧವಾರ ಮಧ್ಯಾಹ್ನ ಬರೆಯುತ್ತ ಬರೆಯುತ್ತ ಚಿರತೆಯ ಪುಟಕ್ಕೆ ಬಂದೆ. ಎಳೆಯ ಮರಿಯ ಮಚ್ಚೆ ಮಸುಕಾಗಿರುತ್ತದೆ, ಕಾಡುಬೆಕ್ಕೆಂದು ಮೋಸಹೋಗಬಾರದು, ಸಿಕ್ಕಿದಲ್ಲೇ ಬಿಟ್ಟರೆ ತಾಯಿ ಬಂದು ಒಯ್ಯುತ್ತದೆ. ನೀವೇ ಬರೆದದ್ದು. ಎಲ್ಲಿಂದ ನೋಡಿ ಇಳಿಸಿದಿರೋ, ಇಳಿಸುವಾಗ ಓದಲಿಲ್ಲ. ನಿಮ್ಮನ್ನೂ ಸೇರಿಸಿ ಹೇಳುತ್ತೇನೆ, ಆ ಪುಸ್ತಕವನ್ನು ಪೂರ್ತಿ ಓದಿದ ಮೊದಲನೆಯವಳು ನಾನೇ ಇರಬೇಕು.

ಅವತ್ತೇ ಸಂಜೆ ಸಣ್ಣಯ್ಯನನ್ನು ಬೇಡಿಕೊಂಡು ಕರೆದುಕೊಂಡು ಹೋದೆ. ಟೊಮೇಟೊ ಕ್ರೇಟಿನಲ್ಲಿ ಮರಿಗಳನ್ನು ಮಲಗಿಸಿ, ಸಿಕ್ಕಿದ ಜಾಗದಲ್ಲೇ ಇಟ್ಟು ಬಂದೆವು. ಬೆಳಿಗ್ಗೆ ಕ್ರೇಟು ಖಾಲಿ, ಸುತ್ತ ಅಂಗೈಯಗಲದ ಹೆಜ್ಜೆ. 'ಬಂದು ಎತ್ಕೊಂಡೋಗವಳೆ ಬುಡವ್ವ' ಎಂದ ಸಣ್ಣಯ್ಯ. ನಾನು ಗದ್ದೆಯಲ್ಲೇ ಕೂತು ಅತ್ತುಬಿಟ್ಟೆ.

ಯುಗಾದಿಗೆ ಬಂದಾಗ ಜಗಲಿಯಲ್ಲಿ ಕೂತು ನೀವೇ ಮರಿ ಉಳಿಸಿದ ಹಾಗೆ ಕೊಚ್ಚಿಕೊಳ್ಳಬೇಡಿ. ಸಣ್ಣಯ್ಯ ಆಗಲೇ ಊರಿಗೆಲ್ಲ ಹೇಳಿಯಾಗಿದೆ.

ಇಂತಿ,
ತಜ್ಞರ ಸಂಬಳವಿಲ್ಲದ ಗುಮಾಸ್ತೆ,
ಅರ್ಪಿತ

ತಾ.ಕ.: ಕ್ರೇಟಿನಲ್ಲಿ ಇಟ್ಟದ್ದು ಎರಡೇ ಮರಿ. ಮೂರನೆಯದು ಬುಧವಾರ ಬೆಳಿಗ್ಗೆ ನನ್ನ ಮಡಿಲಲ್ಲೇ ಹೋಯಿತು. ಹಸುವಿನ ಹಾಲು ಅದಕ್ಕೆ ಆಗಲಿಲ್ಲ. ಹಾಕು ಎಂದವರು ನೀವು, ಸಣ್ಣಯ್ಯನ ಮಾತು ತಳ್ಳಿ ಹಾಕಿದವಳು ನಾನು. ಅತ್ತೆಗೆ ಹೇಳಿಲ್ಲ. ಮರಿಗೆ ಹಸುವಿನ ಹಾಲು ಕುಡಿಸಬಾರದೆಂದು ಚಿರತೆಯ ಪುಟದ ಕೊನೆಗೆ ಒಂದು ಸಾಲು ನಾನೇ ಸೇರಿಸಿದ್ದೇನೆ. ಅದನ್ನು ಹೊಡೆದು ಹಾಕುವುದಾದರೆ ಹಬ್ಬಕ್ಕೆ ಬರಬೇಡಿ.