ಕಾಲಲ್ಲಿ ಸೋಡಾ

ನನ್ನ ವಟವಟಿ,

ಈ ಸಲ ನೀನು ಬಾಯಿ ಮುಚ್ಚಿಕೊಂಡು ಕೊನೆಯವರೆಗೆ ಕೇಳಬೇಕು. ಎದುರಿಗೆ ಬಂದು ಹೇಳಿದರೆ ನಡುವೆ ನೂರು ಪ್ರಶ್ನೆ ಹಾಕುತ್ತೀಯ, ನಾನು ಅರ್ಧಕ್ಕೇ ಅತ್ತುಬಿಡುತ್ತೇನೆ. ಅದಕ್ಕೇ ಪಕ್ಕದ ಬೀದಿಯಲ್ಲಿರುವ ತಂಗಿಗೆ ಕಾಗದ ಬರೆಯುತ್ತಿದ್ದೇನೆ. ಪ್ರೆಸ್ಸಿನಲ್ಲಿ ಈಗ ಊಟದ ಬಿಡುವು. ತಿದ್ದಬೇಕಾದ ಕರಡು ಮೇಜಿನ ಮೇಲೆ ರಾಶಿ ಬಿದ್ದಿದೆ, ಬಿದ್ದಿರಲಿ.

ಆ ಹಾಳು ಮಾತಿನಿಂದಲೇ ಶುರು ಮಾಡುತ್ತೇನೆ. ನಾಲ್ಕು ವರ್ಷದವಳಿದ್ದಾಗ ನಿನಗೆ ಒಮ್ಮೆ ಕಾಲು ಜೋಮು ಹಿಡಿದು, ‘ಅಮ್ಮಾ, ಕಾಲಲ್ಲಿ ಸೋಡಾ ಬಂತು!’ ಎಂದು ಕಿರುಚಿದ್ದೆ. ಅಪ್ಪ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ಆಮೇಲೆ ನಮ್ಮ ಮನೆಯಲ್ಲಿ ಯಾರಿಗೂ ಜೋಮು ಹಿಡಿಯಲೇ ಇಲ್ಲ, ಎಲ್ಲರಿಗೂ ಸೋಡಾನೇ. ಮೂವತ್ತು ವರ್ಷ ಕೇಳಿ ಕೇಳಿ ಅದು ನಿನ್ನ ಮಾತು ಎನ್ನುವುದೇ ನನಗೆ ಮರೆತುಹೋಗಿತ್ತು. ಲೋಕವೆಲ್ಲ ಹಾಗೇ ಹೇಳುತ್ತದೆ ಅಂದುಕೊಂಡಿದ್ದೆ, ಪೆದ್ದಿ ನಾನು.

ನೀನು ಕೆಲಸಕ್ಕಿದ್ದ ಅಂಗಡಿಯ ಗೋಡೆಯ ಮೇಲೆ ಎಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿದ್ದರು: ‘ನಮ್ಮ ಕೋಳಿಗಳು ಪಂಜರ ಕಂಡಿಲ್ಲ.’ ರಾಸಾಯನಿಕ ಸೋಕದ ಕಾಳು, ಕಲ್ಲಿನಲ್ಲಿ ಬೀಸಿದ ಹಿಟ್ಟು, ಮೂವತ್ತು ಊರಿನಲ್ಲಿ ಶಾಖೆ. ಕೆಲಸದವರನ್ನು ‘ನಮ್ಮ ಕುಟುಂಬ’ ಎಂದು ಕರೆಯುವ ನಾಜೂಕು ಬೇರೆ. ಅಂಥ ಕಂಪನಿ ಒಂದು ಬೆಳಿಗ್ಗೆ ಬಿಲ್ಲಿಂಗ್ ಕೌಂಟರುಗಳ ಸ್ಟೂಲುಗಳನ್ನೆಲ್ಲ ಎತ್ತಿಸಿಬಿಟ್ಟಿತು. ಕೂತವರು ಗಿರಾಕಿಗಳ ಕಣ್ಣಿಗೆ ಸೋಮಾರಿಗಳಂತೆ ಕಾಣುತ್ತಾರಂತೆ! ಒಂಬತ್ತು ಗಂಟೆ ನಿಂತು ಬಂದ ನೀನು ನಮ್ಮ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ, ‘ಕೋಳಿಗಾದ್ರೂ ಓಡಾಡೋಕೆ ಜಾಗ ಇದೆ ಅಕ್ಕ. ನಮಗೆ ಬೆಳಿಗ್ಗೆಯಿಂದ ಸಂಜೆ ತನಕ ಕಾಲಲ್ಲಿ ಸೋಡಾ’ ಅಂದೆ. ನನಗೆ ಮೈಯೆಲ್ಲ ಉರಿದುಹೋಯಿತು.

ಸ್ಟೂಲು ವಾಪಸ್ ಕೊಡುವ ತನಕ ಅಲ್ಲಿ ಯಾರೂ ಏನೂ ಕೊಳ್ಳಬಾರದು ಎಂದು ಬಹಿಷ್ಕಾರ ಸಮಿತಿ ಕಟ್ಟಿದವಳು ನಾನೇ. ಕರಪತ್ರ ಬರೆದವಳೂ ನಾನೇ. ನಿನ್ನ ಹೆಸರು ಹಾಕಲಿಲ್ಲ, ವಯಸ್ಸು ಹಾಕಲಿಲ್ಲ, ಯಾವ ಶಾಖೆಯೆಂದೂ ಹೇಳಲಿಲ್ಲ. ‘ಒಬ್ಬ ಕೆಲಸಗಾರ್ತಿ’ ಎಂದಷ್ಟೇ ಬರೆದು ನಿನ್ನ ಮಾತನ್ನು ಇದ್ದ ಹಾಗೆ ಇಳಿಸಿದೆ. ಕರಡನ್ನು ಮೂರು ಸಲ ತಿದ್ದಿದೆ. ಒಂದು ಕೊಂಬು, ಒಂದು ಒತ್ತಕ್ಷರ ತಪ್ಪಿರಲಿಲ್ಲ. ಆದರೆ ನೀನು ಆ ಸೋಡಾದ ಮಾತನ್ನು ದಿನಾ ಕೌಂಟರಿನಲ್ಲೂ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆಯಂತೆ. ನಿನ್ನ ಮ್ಯಾನೇಜರು ಓದಿದ ಕೂಡಲೇ ನಿನ್ನನ್ನು ಒಳಗೆ ಕರೆದ. ಹನ್ನೊಂದು ವರ್ಷದ ಕೆಲಸ ಮಧ್ಯಾಹ್ನದೊಳಗೆ ಹೋಯಿತು. ತಪ್ಪು ಹುಡುಕುವುದೇ ಕಸುಬಾದ ನನ್ನ ಕಣ್ಣು ಎಲ್ಲಿ ಹಾಳಾಗಿ ಹೋಗಿತ್ತೋ!

ಅವತ್ತು ನೀನು ಬೈದಿದ್ದರೆ ಚೆನ್ನಾಗಿತ್ತು. ‘ಹೋಗ್ಲಿ ಬಿಡಕ್ಕ, ನನ್ನ ಬಾಯೇ ಸರಿ ಇಲ್ಲ’ ಎಂದು ನನಗೇ ಸಮಾಧಾನ ಹೇಳಿದೆ. ನಿನ್ನನ್ನು ವಾಪಸ್ ಕೆಲಸಕ್ಕೆ ತೆಗೆದುಕೊಳ್ಳಬೇಕು ಎನ್ನುವುದನ್ನು ನಮ್ಮ ಎರಡನೇ ಬೇಡಿಕೆಯಾಗಿ ಸೇರಿಸಿದೆವು. ಐದು ತಿಂಗಳಿಂದ ಪ್ರತಿ ಸೋಮವಾರ ನೀನು ಅಂಗಡಿಯ ಆ ಹಸಿರು ಏಪ್ರನ್ ಒಗೆದು ಇಸ್ತ್ರಿ ಮಾಡಿ ಇಡುತ್ತೀಯ. ‘ಅಕ್ಕ ಇದಾಳಲ್ಲ, ಬಿಡ್ತಾಳಾ?’ ಎಂದು ಗಂಡನ ಹತ್ತಿರ ಜಂಬ ಕೊಚ್ಚಿಕೊಂಡಿದ್ದೂ ನನ್ನ ಕಿವಿಗೆ ಬಿದ್ದಿದೆ.

ಅಕ್ಕ ಬಿಟ್ಟಳು ಕಣೇ.

ನಿನ್ನೆ ಕಂಪನಿಯವರು ಮಾತಿಗೆ ಬಂದರು. ಎಲ್ಲ ಶಾಖೆಗಳಿಗೂ ಸ್ಟೂಲು ವಾಪಸ್ ಕೊಡುತ್ತಾರಂತೆ, ಆದರೆ ನಿನ್ನನ್ನು ಮಾತ್ರ ತೆಗೆದುಕೊಳ್ಳುವುದಿಲ್ಲವಂತೆ. ‘ಮನೆ ಮಾತು ಬೀದಿಗೆ ತಂದೋರನ್ನ ಮನೆಯೊಳಗೆ ಇಟ್ಕೊಳ್ಳೋಕಾಗಲ್ಲ’ ಎಂದರು. ಸಂಜೆಯೊಳಗೆ ಒಪ್ಪಬೇಕು, ಇಲ್ಲವಾದರೆ ಸ್ಟೂಲೂ ಇಲ್ಲ. ‘ನಿಮ್ಮ ತಂಗಿ ವಿಷಯ, ನೀವು ಹೇಳಿದ ಹಾಗೆ’ ಎಂದು ಸಮಿತಿಯವರು ನನ್ನ ಮುಖ ನೋಡುತ್ತಾ ಕೂತರು. ನಿನ್ನ ಪಕ್ಕದ ಕೌಂಟರಿನ ಆ ಏಳು ತಿಂಗಳ ಬಸುರಿ ನನ್ನ ಮಗ್ಗುಲಲ್ಲೇ ಇದ್ದಳು. ಮೇಜಿನ ಕೆಳಗೆ ಮೆಲ್ಲಗೆ ಚಪ್ಪಲಿ ಕಳಚಿದಳು. ಪಾದ ಊದಿಕೊಂಡು ಚಪ್ಪಲಿಯ ಪಟ್ಟಿಯ ಗುರುತು ಆಳವಾಗಿ ಬಿದ್ದಿತ್ತು. ನಾನು ‘ಒಪ್ಪೋಣ’ ಅಂದೆ.

ಫೋನು ಕೈಯಲ್ಲೇ ಇತ್ತು. ನಿನ್ನನ್ನು ಒಂದು ಮಾತು ಕೇಳಬಹುದಿತ್ತು. ನೀನು ಬೇಡ ಎಂದರೆ ಏನು ಮಾಡಲಿ ಎಂದು ಹೆದರಿದೆ. ‘ಒಪ್ಕೊಳ್ಳಕ್ಕ, ಪರವಾಗಿಲ್ಲ’ ಎಂದುಬಿಟ್ಟರೆ ಅದನ್ನು ಕೇಳಿಸಿಕೊಳ್ಳುವ ಧೈರ್ಯವೂ ಇರಲಿಲ್ಲ. ಕರಪತ್ರದ್ದು ಕೈತಪ್ಪಿ ಆಗಿದ್ದು. ಇದನ್ನು ಗೊತ್ತಿದ್ದೂ ಗೊತ್ತಿದ್ದೂ ಮಾಡಿದೆ. ಮತ್ತೆ ಅದೇ ಜಾಗದಲ್ಲಿ ಕೂರಿಸಿದರೂ ಹಾಗೇ ಹೇಳುತ್ತೇನೇನೋ, ಅದೇ ನನ್ನನ್ನು ಕೊಲ್ಲುತ್ತಿದೆ. ಎಲ್ಲರೂ ‘ಗೆದ್ವಿ’ ಎಂದು ಕೈಕುಲುಕಿದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನಾಳೆಯಿಂದ ಜನ ಆ ಅಂಗಡಿಗೆ ಹೋಗುತ್ತಾರೆ. ನಾನು ಸಾಯುವ ತನಕ ಆ ಕಡೆ ತಲೆ ಹಾಕುವುದಿಲ್ಲ. ಅದರಿಂದ ನಿನಗೇನೂ ಸಿಗುವುದಿಲ್ಲ ಎಂದೂ ಗೊತ್ತು. ಏಪ್ರನ್ ಇನ್ನು ಒಗೆಯಬೇಡ, ಮರಿ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳು ಎಂದು ಇಷ್ಟು ಬರೆದೆ.

ಈಗ ನೀನು ನನ್ನನ್ನೇ ಬಹಿಷ್ಕರಿಸಬಹುದು. ನಮ್ಮ ಮನೆಯ ಹೊಸ್ತಿಲು ತುಳಿಯಬೇಡ, ಫೋನ್ ಎತ್ತಬೇಡ, ಬೀದಿಯಲ್ಲಿ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗು. ಆದರೆ ಬಹಿಷ್ಕಾರ ಹಾಕುವವರು ಬೇಡಿಕೆ ಏನೆಂದು ಹೇಳಬೇಕು ಕಣೇ, ಆ ಕಂಪನಿಗೂ ನಾವು ಹೇಳಿದ್ದೆವು. ನಾನು ಏನು ಮಾಡಿದರೆ ನೀನು ಮತ್ತೆ ನನ್ನ ಹತ್ತಿರ ಮಾತಾಡುತ್ತೀಯ ಎಂದು ಒಂದು ಚೀಟಿಯಲ್ಲಿ ಬರೆದು ಬಾಗಿಲ ಸಂದಿಯಲ್ಲಿ ತೂರಿಸು. ನನ್ನ ಕೈಯಲ್ಲಿ ಆಗದ್ದಾದರೂ ಸರಿ, ಬರೆ.

ನೀನು ಎಲ್ಲಿದ್ದರೂ ನಿನ್ನ ಬಾಯಿಗೆ ಯಾರೂ ಬೀಗ ಹಾಕದಿರಲಿ.

ನಿನ್ನನ್ನು ಬಿಟ್ಟುಕೊಟ್ಟ
ಅಕ್ಕ