ಕೈ ಹಿಡಿದು ನಡೆಸುವ ಸಂಸ್ಥೆಯ ಪ್ರಾಂಶುಪಾಲರಿಗೆ

ಮಾನ್ಯ ಪ್ರಾಂಶುಪಾಲರೇ,

ನಿಮ್ಮ ಕಾಲೇಜಿನ ಗೇಟಿಗೆ ಕಟ್ಟಿದ್ದ ಬ್ಯಾನರಿನಲ್ಲಿ ಒಂದು ಸಾಲು ಹೆಚ್ಚಿಗೆ ಸೇರಿಸಿದ ಕಿಡಿಗೇಡಿ ಯಾರೆಂದು ಹುಡುಕಿಸುತ್ತಿದ್ದೀರಂತೆ. ಅಷ್ಟೊಂದು ತೊಂದರೆ ತೆಗೆದುಕೊಳ್ಳಬೇಡಿ, ಅದು ನಾನೇ. ನನ್ನ ತಂಗಿಯ ಓದು ಮುಗಿಸಿಬಿಟ್ಟು, ಅವಳ ಮುಖವನ್ನೇ ನಿಮ್ಮ ಸಾಧನೆಯೆಂದು ಗೇಟಿಗೆ ನೇತುಹಾಕಿದಿರಲ್ಲ, ಅದಕ್ಕೆ ಸೇರಿಸಿದೆ. ಕ್ಷಮೆ ಕೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಹಾಗಂದುಕೊಂಡು ಓದಲು ಕೂತಿದ್ದರೆ ಇಲ್ಲಿಗೇ ನಿಲ್ಲಿಸಬಹುದು.

ನಿಮಗೆ ಅವಳ ನೆನಪಿರಲಿಕ್ಕಿಲ್ಲ. ನಮ್ಮಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ನಾನು ಶಾಲೆ ಅರ್ಧಕ್ಕೆ ಬಿಟ್ಟು ಬ್ಯಾನರ್ ಅಂಗಡಿಯ ಕಂಪ್ಯೂಟರ್ ಮುಂದೆ ಕೂತವಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನನ್ನ ತಂಗಿಯೊಬ್ಬಳೇ. ಮೊದಲ ದಿನ ಅಮ್ಮ ಕೆಲಸಕ್ಕೆ ರಜೆ ಹಾಕಿ ಅವಳನ್ನು ಬಿಡಲು ಬಂದಿದ್ದಳು. ನಿಮ್ಮ ಫೋಟೋಗ್ರಾಫರ್ ಇಬ್ಬರನ್ನೂ ಗೇಟಿನ ಬಳಿ ನಿಲ್ಲಿಸಿ, ನಗಿಸಿ, ಫೋಟೋ ತೆಗೆದುಕೊಂಡ. ಅದು ಎಲ್ಲಿಗೆ ಹೋಗುತ್ತದೆಂದು ಅಮ್ಮ ಕೇಳಲಿಲ್ಲ. ದೊಡ್ಡ ಜಾಗದಲ್ಲಿ ಪ್ರಶ್ನೆ ಕೇಳದಿರುವುದು ನಮಗೆಲ್ಲ ಚೆನ್ನಾಗಿ ರೂಢಿಯಾಗಿದೆ, ನೋಡಿ.

ಆ ರೂಢಿಯೇ ಅವಳಿಗೆ ಮುಳುವಾಯಿತು. ಕಾಮಾಲೆಯಾಗಿ ಮಲಗಿದ್ದಾಗ ಪ್ರಾಯೋಗಿಕ ಪರೀಕ್ಷೆ ತಪ್ಪಿತು. ಎದ್ದು ಓಡಾಡುವಂತಾದ ಮೇಲೆ ಹೋಗಿ ವಿಚಾರಿಸಿದರೆ, ನಿಮ್ಮ ಅಧ್ಯಾಪಕರೊಬ್ಬರು ತಲೆಯೆತ್ತದೆ "ಪರೀಕ್ಷೆ ಮುಗೀತಲ್ಲಮ್ಮ" ಎಂದರು. ಪರೀಕ್ಷೆಯ ಜೊತೆ ತನ್ನ ಓದೂ ಮುಗಿಯಿತೆಂದು ಅವಳು ತಿಳಿದಳು. ಅದೇ ವಾರ ಒಬ್ಬ ವಕೀಲರ ಮಗಳಿಗೂ ಪರೀಕ್ಷೆ ತಪ್ಪಿತ್ತು. ಅಪ್ಪ ಫೋನ್ ಮಾಡಿದರು, ಮಗಳಿಗೆ ಮರುಪರೀಕ್ಷೆಯಾಯಿತು. ತಪ್ಪೇನಿಲ್ಲ, ನಿಯಮದಲ್ಲಿ ಅವಕಾಶವಿತ್ತು. ಆದರೆ ಆ ನಿಯಮ ಫೋನಿನಲ್ಲಿ ಮಾತ್ರ ಕೇಳಿಸುವಂಥದ್ದೇ?

ತಂಗಿ ಮನೆಯಲ್ಲಿ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಹೊರಟವಳು ಅಮ್ಮ ಕೆಲಸ ಮಾಡುವ ಆಸ್ಪತ್ರೆಗೆ ಹೋಗಿ ಹಾಸಿಗೆ ಬಟ್ಟೆ ಮಡಚತೊಡಗಿದಳು. "ಇವತ್ತೂ ರಜೆ ಕಣಮ್ಮ" ಎನ್ನುತ್ತಿದ್ದಳಂತೆ. ಅಮ್ಮ ನನ್ನ ಬಳಿ ಹಿಗ್ಗಿನಿಂದ ಹೇಳಿದ್ದಳು: "ಒಳ್ಳೇ ಕಾಲೇಜು ಕಣೇ, ಮಕ್ಕಳಿಗೆ ಎಷ್ಟೊಂದು ರಜೆ ಕೊಡ್ತಾರೆ!" ಈ ಮಾತಿಗೆ ನಗಬೇಕೋ ಅಳಬೇಕೋ, ನೀವೇ ಹೇಳಿ. ವಿಷಯ ನನಗೆ ಗೊತ್ತಾಗುವ ಹೊತ್ತಿಗೆ ಹಾಜರಿ ಸಾಲದೆಂದು ನೀವು ಅವಳ ಹೆಸರು ಹೊಡೆದುಹಾಕಿದ್ದಿರಿ.

ಆಮೇಲೆ ನಾನು ನಿಮ್ಮ ಕೋಣೆಗೆ ಬಂದೆ. ನಿಮಗೆ ಮರೆತುಹೋಗಿದ್ದರೂ ನನಗೆ ಒಂದೊಂದು ಮಾತೂ ನೆನಪಿದೆ.

"ಕೇಳಿದ್ರೆ ಮರುಪರೀಕ್ಷೆ ಕೊಡ್ತಿದ್ವಲ್ಲಮ್ಮ. ಯಾಕೆ ಕೇಳ್ಲಿಲ್ಲ?" ಎಂದಿರಿ.

"ಕೇಳಬಹುದು ಅಂತಾನೇ ಅವಳಿಗೆ ಗೊತ್ತಿರ್ಲಿಲ್ಲ ಸರ್."

"ಅದೆಲ್ಲ ಮನೇಲಿ ದೊಡ್ಡೋರು ಹೇಳಿಕೊಡ್ಬೇಕು."

"ಕಾಲೇಜಿನ ವಿಷ್ಯದಲ್ಲಿ ನಮ್ಮನೇಲಿ ಅವಳೇ ದೊಡ್ಡೋಳು ಸರ್."

ನೀವು ನಕ್ಕಿರಿ. ನಾನು ತಮಾಷೆ ಮಾಡಿರಲಿಲ್ಲ. "ಮುಂದಿನ ವರ್ಷ ನೋಡೋಣ" ಎಂದು ಗಂಟೆ ಒತ್ತಿದಿರಿ.

ಆ ಮುಂದಿನ ವರ್ಷ ಬರುವ ಮೊದಲೇ ನಿಮ್ಮ ಗುಮಾಸ್ತರು ನಮ್ಮ ಅಂಗಡಿಗೆ ಬಂದರು. ಮೊದಲ ತಲೆಮಾರಿನ ವಿದ್ಯಾರ್ಥಿಗಳ ಬೆನ್ನಿಗೆ ನಿಂತದ್ದಕ್ಕೆ ನಿಮಗೆ ಪ್ರಶಸ್ತಿಯಂತೆ, ಕೊಡಲು ದೊಡ್ಡ ಅಧಿಕಾರಿಯೇ ಬರುತ್ತಾರಂತೆ. ಗುಮಾಸ್ತರು ತಂದ ಫೋಟೋ ತೆರೆದರೆ ನನ್ನ ಅಮ್ಮ, ನನ್ನ ತಂಗಿ! "ಮುಖ ಸ್ವಲ್ಪ ಬೆಳ್ಳಗೆ ಮಾಡಿ ಅಂದಿದಾರೆ ಸಾಹೇಬ್ರು" ಎಂದರು ಗುಮಾಸ್ತರು. ಹಾಕಬೇಕಿದ್ದ ಸಾಲು: "ಮೊದಲ ತಲೆಮಾರಿನ ಕೈ ಹಿಡಿದು ನಡೆಸುವ ಸಂಸ್ಥೆ." ಹಾಕಿದೆ. ಅದರ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ, ಇನ್ನೊಂದನ್ನೂ ಹಾಕಿದೆ: "ಈ ಹುಡುಗಿಗೆ ಓದು ಬಿಡಿಸಿದ್ದೂ ಇದೇ ಸಂಸ್ಥೆ." ಬ್ಯಾನರನ್ನು ಮಡಚಿ ಕಳಿಸಿದೆ. ಕಟ್ಟಿದವರಾಗಲಿ, ಕಟ್ಟಿಸಿದವರಾಗಲಿ ಓದಲಿಲ್ಲ. ವಿದ್ಯಾಸಂಸ್ಥೆಯಲ್ಲವೇ!

ಓದಿದವರು ನಿಮ್ಮ ಅತಿಥಿ. ಕಾರಿನಿಂದಿಳಿದು, ಕನ್ನಡಕ ಸರಿಮಾಡಿಕೊಂಡು, ಗಟ್ಟಿಯಾಗಿಯೇ ಓದಿದರು. ನಾನು ರಸ್ತೆಯಾಚೆ ನಿಂತಿದ್ದೆ. "ಎಲ್ಲಿ ಈ ಹುಡುಗಿ?" ಎಂದು ಅವರು ಕೇಳಿದಾಗ "ಇವತ್ತು ರಜೆ ಹಾಕಿದಾಳೆ ಸರ್" ಎಂದಿರಿ. ನಿಮ್ಮ ಮುಖ ಬಿಳಿಚಿಕೊಂಡ ರೀತಿ ನೋಡಿದೆ. ನಮ್ಮ ಕಂಪ್ಯೂಟರಿಗೂ ಅಷ್ಟು ಬೆಳ್ಳಗೆ ಮಾಡಲು ಬರುವುದಿಲ್ಲ. ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು.

ಸಂಜೆಯೇ ಮಾಲೀಕರು ನನ್ನನ್ನು ಕೆಲಸದಿಂದ ತೆಗೆದರು; ಅಂಗಡಿಯ ಮಾನ ಉಳಿಸಲು ನಿಮಗೆ ಮಾತ್ರ ಯಾರೆಂದು ಗೊತ್ತಿಲ್ಲವೆಂದರಂತೆ. ಅದಕ್ಕೆ ಬೇಸರವಿಲ್ಲ. ಬೇಸರವಾದದ್ದು ತಂಗಿಯ ಮಾತಿಗೆ. "ನನ್ನ ಮುಖ ಇಟ್ಕೊಂಡು ಅವ್ರೂ ಆಟ ಆಡಿದ್ರು, ನೀನೂ ಆಡಿದೆ. ನನ್ನ ಒಂದು ಮಾತು ಕೇಳಿದ್ಯಾ ಅಕ್ಕ?" ಎಂದು ಬಾಗಿಲು ಹಾಕಿಕೊಂಡಳು. ಮರುದಿನ ಬೆಳಿಗ್ಗೆ ಕೇಳಿದೆ: "ಏನು ಮಾಡೋಣ ಹೇಳು." ಅವಳು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ಫೋಟೋವನ್ನು ನಿಮ್ಮ ಗೋಡೆ, ಪುಸ್ತಕ, ಕಂಪ್ಯೂಟರ್ ಎಲ್ಲದರಿಂದಲೂ ತೆಗೆಯಿರಿ. ಮೊದಲ ಸಲ ಕಾಲೇಜಿಗೆ ಬರುವ ಮನೆಗಳ ಮಕ್ಕಳಿಗೆ ಹೂಗುಚ್ಛ ಬೇಡ. ಏನೇನು ಕೇಳಬಹುದು, ಯಾರನ್ನು ಕೇಳಬಹುದು ಎಂದು ಮೊದಲ ವಾರವೇ ಕೂರಿಸಿಕೊಂಡು ಹೇಳುವ ಒಬ್ಬ ಮನುಷ್ಯರನ್ನು ನೇಮಿಸಿ. ಅವಳಿಗೆ ತಪ್ಪಿದ ಪರೀಕ್ಷೆ ಕೊಡಿ. ಸೋಮವಾರ ಅವಳೇ ಬಂದು ಕೇಳುತ್ತಾಳೆ. ಈ ಸಲ ತಲೆಯೆತ್ತಿ ಉತ್ತರಿಸಲು ನಿಮ್ಮವರಿಗೆ ಹೇಳಿಡಿ.

"ಮುಂದಿನ ವರ್ಷ ನೋಡೋಣ" ಎನ್ನುವ ಆಲೋಚನೆಯಿದ್ದರೆ ಒಂದು ಮಾತು. ನನಗೆ ಬೇರೆ ಕೆಲಸ ಸಿಕ್ಕಿದೆ, ಬಸ್ಸುಗಳ ಹಿಂಬದಿಗೆ ಜಾಹೀರಾತು ಅಂಟಿಸುವ ಕಂಪನಿಯಲ್ಲಿ. ಊರೆಲ್ಲ ತಿರುಗುವ ಬಸ್ಸುಗಳು. ತಂಗಿಯ ಮುಖವನ್ನು ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ನಿಮ್ಮ ಮುಖದ ಬಗ್ಗೆ ಯಾರಿಗೂ ಮಾತು ಕೊಟ್ಟಿಲ್ಲ.

ಇಂತಿ,
ನೀವು ನಕ್ಕ ಮಾತನ್ನು ಇನ್ನೂ ಮರೆಯಲಾಗದ,
ಕಾಲೇಜಿನ ಒಳಗೆ ಒಂದೇ ಒಂದು ಸಲ ಕಾಲಿಟ್ಟ ಅಕ್ಕ